ಹದಿನೇಳನೇ ನಂಬರಿಗೆ ಕರೆ

ನನ್ನ ಗಂಡ ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕುವ ಕೆಲಸದಲ್ಲಿದ್ದರು. ಮೊದಲು ಮೈಸೂರಿನ ಒಂದು ಆಸ್ಪತ್ರೆಯಲ್ಲಿ, ಆಮೇಲೆ ಲಂಡನ್ನಿನಲ್ಲಿ. ಮೈಸೂರಿನಲ್ಲಿ ಸ್ಕೂಟರಿನಿಂದ ಬಿದ್ದವರು, ಮಾವಿನ ಮರದಿಂದ ಬಿದ್ದವರು ಬರುತ್ತಿದ್ದರು. ಇಲ್ಲಿ ಚಳಿಗಾಲ ಶುರುವಾಯಿತೆಂದರೆ ರಜೆಗೆ ಹೋದವರು ವಿಮಾನ ಇಳಿದು ಇವರ ಕೋಣೆಗೇ ಬರುತ್ತಿದ್ದರಂತೆ. ಎಲ್ಲರೂ ಎಲ್ಲೋ ಹಿಮದ ಬೆಟ್ಟದಲ್ಲಿ ಕಾಲಿಗೆ ಸ್ಕೀ ಎಂಬ ಉದ್ದ ಹಲಗೆ ಕಟ್ಟಿಕೊಂಡು ಜಾರಲು ಹೋಗಿ ಬಿದ್ದವರೇ.

"ಏನ ಆಶ್ಚರ್ಯ ಗೊತ್ತೇನ? ಕಾಲು ಮುರಕೊಂಡವರು ನಕ್ಕೋತ ಬರ್ತಾರ. ಪ್ಲಾಸ್ಟರ್ ಒಣಗೂದರೊಳಗ ಮುಂದಿನ ವರ್ಷದ ಟಿಕೆಟ್ ಮಾತಾಡ್ತಾರ" ಎಂದು ಮನೆಗೆ ಬಂದು ಹೇಳುತ್ತಿದ್ದರು. ಧಾರವಾಡದವರು. ಮೈಸೂರಿನಲ್ಲಿ ಹತ್ತು ವರ್ಷ, ಲಂಡನ್ನಿನಲ್ಲಿ ಇಪ್ಪತ್ತು ವರ್ಷ ಇದ್ದರೂ ಅವರ ಮಾತು ಧಾರವಾಡ ಬಿಟ್ಟು ಕದಲಲಿಲ್ಲ.

ಮಣಿಕಟ್ಟು ಮುರಿದುಕೊಂಡು ಬಂದಿದ್ದ ಒಬ್ಬ ನಿವೃತ್ತ ಟೀಚರು ಇವರಿಗೆ ದಾರಿ ತೋರಿಸಿದರು. ಹಿಮವೇ ಬೇಕಿಲ್ಲ, ಲಂಡನ್ನಿನ ಅಂಚಿನಲ್ಲಿ ಒಂದು ದಿಬ್ಬವಿದೆ, ಅದರ ಮೈಗೆಲ್ಲ ಬ್ರಷ್ಷಿನಂಥ ಪ್ಲಾಸ್ಟಿಕ್ ಚಾಪೆ ಹಾಸಿದ್ದಾರೆ, ಕಲಿಯುವವರು ಅಲ್ಲೇ ಕಲಿಯುತ್ತಾರೆ ಎಂದರಂತೆ. ಇವರು ನೋಡಿಕೊಂಡು ಬರುತ್ತೇನೆಂದು ಒಂದು ಭಾನುವಾರ ಹೋದರು. ಬರುವಾಗ ಮೊಣಕೈ ತರಚಿತ್ತು, ಪ್ಯಾಂಟು ಹರಿದಿತ್ತು, ಮುಖ ಮಾತ್ರ ಆ ಮುರಿದ ಕಾಲಿನವರ ಮುಖದ ಹಾಗೇ ಇತ್ತು.

"ನಲವತ್ತೆರಡ ವರ್ಷಕ್ಕ ಜಾರಬಂಡಿ ಆಡಾಕ ಹೋಗ್ಯಾನ ನೋಡು ನಿನ್ನ ಗಂಡ" ಎಂದು ಅತ್ತೆ ನನಗೆ ಹೇಳಿದರು.

"ನಿಮ್ಮ ಮಗ ಅತ್ತೆ" ಎಂದೆ ನಾನು.

"ಶ್ಯಾಣ್ಯಾ ಕೆಲಸ ಮಾಡಿದಾಗ ನನ್ನ ಮಗಾ. ಇಂಥಾದು ಮಾಡಿದಾಗ ನಿನ್ನ ಗಂಡ."

ಆಮೇಲೆ ಪ್ರತಿ ಭಾನುವಾರ ಅಲ್ಲಿಗೇ. ನಾನೂ ಕೆಲವು ಸಲ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಹೋಗಿ ಬೆಂಚಿನ ಮೇಲೆ ಕೂತಿದ್ದೇನೆ. ಹಲ್ಲುಜ್ಜುವ ಬ್ರಷ್ಷುಗಳನ್ನು ಲಕ್ಷಗಟ್ಟಲೆ ಮೇಲ್ಮುಖವಾಗಿ ನೆಟ್ಟರೆ ಹೇಗಿರುತ್ತದೋ ಆ ದಿಬ್ಬ ಹಾಗಿತ್ತು. ಜಾರಲು ಸಲೀಸಾಗಲಿ ಎಂದು ಅದರ ಮೇಲೆ ಪಿಚಕಾರಿಗಳಿಂದ ನೀರು ಬಿಡುತ್ತಿದ್ದರು. ಮೇಲೆ ನಿಂತರೆ ಮೋಟಾರ್‌ವೇ, ಗೋಡೌನುಗಳ ಚಾವಣಿ, ದೂರದಲ್ಲಿ ಫುಟ್‌ಬಾಲ್ ಸ್ಟೇಡಿಯಮ್ಮಿನ ಬಿಳಿ ಕಮಾನು. ಅಷ್ಟು ಸಣ್ಣ ದಿಬ್ಬದಲ್ಲಿ ನನ್ನ ಗಂಡ ಸಾವಿರ ಸಲ ಇಳಿದಿರಬೇಕು. ಅಲ್ಲಿ ಬಿದ್ದವರನ್ನು ಎತ್ತುವುದೂ ಇವರ ಕೆಲಸವೇ ಆಯಿತು. ಮುರಿದ ಕಾಲನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಮುಟ್ಟಬಾರದು ಎಂಬುದು ಇವರ ಕೈಗೆ ಗೊತ್ತಿತ್ತಲ್ಲ.

ಅಲ್ಲಿಗೆ ಬಂದಿದ್ದ ಸ್ಕಾಟ್‌ಲೆಂಡಿನ ಬೆಟ್ಟದವರ ಕಣ್ಣಿಗೆ ಇವರು ಬಿದ್ದದ್ದು ಹಾಗೆ. ಹಿಮದ ಬೆಟ್ಟಗಳಲ್ಲಿ ಗಸ್ತು ತಂಡ ಎಂದು ಒಂದಿರುತ್ತದೆ. ಬೆಳಿಗ್ಗೆ ಜನ ಬರುವ ಮೊದಲೇ ಮೇಲೆ ಹೋಗಿ ಹಿಮ ನಂಬುವಂತಿದೆಯೇ ಎಂದು ನೋಡುವುದು, ಬಿದ್ದವರನ್ನು ಹಿಮದ ಮೇಲೆ ಎಳೆಯುವ ಬಂಡಿಯಲ್ಲಿ ಮಲಗಿಸಿ ಕೆಳಗೆ ತರುವುದು ಅವರ ಕೆಲಸ. ಮೊದಲ ವರ್ಷ ಎರಡು ವಾರದ ರಜೆ ಹಾಕಿ ಹೋದರು. ಮೂರನೆಯ ವರ್ಷಕ್ಕೆ ಆಸ್ಪತ್ರೆಯ ಕೆಲಸ ಅರ್ಧ ಮಾಡಿಕೊಂಡು ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲೇ ಇರತೊಡಗಿದರು. ನಾನು ಬೇಡ ಎನ್ನಲಿಲ್ಲ. ಯಾಕೆ ಎನ್ನಲಿಲ್ಲ ಎಂದು ಆಮೇಲೆ ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಅಲ್ಲಿಂದ ಫೋನು ಮಾಡುವಾಗ ಅವರ ದನಿ ಕೇಳಲು ನನಗೆ ಇಷ್ಟವಾಗುತ್ತಿತ್ತು. ಬೆಟ್ಟದ ಬುಡದ ಹಳ್ಳಿಯಲ್ಲಿ ಒಂದು ಚಹಾದಂಗಡಿ, ಅದನ್ನು ನಡೆಸುವಾಕೆ ಮಾಡುವ ಸೂಪು, ಆಕೆಯ ಮಗಳೂ ಇವರ ಗಸ್ತು ತಂಡದಲ್ಲೇ ಇರುವುದು, ಅತ್ತೆ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯ ಡಬ್ಬಿಗೆ ಎಲ್ಲರೂ ಕೈ ಹಾಕಿ ಒಂದೇ ವಾರದಲ್ಲಿ ಖಾಲಿ ಮಾಡಿದ್ದು, ಎಲ್ಲ ಹೇಳುತ್ತಿದ್ದರು.

ಒಂದು ಫೆಬ್ರುವರಿಯ ಬೆಳಿಗ್ಗೆ ನಾನು ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ನಾನು ದುಡಿಯುವ ಸಿದ್ಧ ಅಡುಗೆಯ ಕಾರ್ಖಾನೆಯಲ್ಲಿ ಚಪಾತಿ ಪ್ಯಾಕ್ ಮಾಡುತ್ತಿದ್ದೆ. ಮೇಲ್ವಿಚಾರಕಿ ಬಂದು ಆಫೀಸಿಗೆ ಬಾ ಎಂದಳು. ಆ ದಿನ ಇಬ್ಬರು ಮೇಲೆ ಹೋಗಿದ್ದರು, ನನ್ನ ಗಂಡ ಮತ್ತು ಆ ಚಹಾದಂಗಡಿಯವಳ ಮಗಳು. ಇಳಿಜಾರು ನೋಡುತ್ತಿರುವಾಗ ಮೇಲಿನ ಹಿಮ ಹಲಗೆಯ ಹಾಗೆ ಕಳಚಿಕೊಂಡು ಬಂದು ಇಬ್ಬರನ್ನೂ ಮುಚ್ಚಿತು. ಅದರ ಬಗ್ಗೆ ನಾನು ಇಷ್ಟೇ ಬರೆಯುತ್ತೇನೆ.

ಅವರನ್ನು ಲಂಡನ್ನಿಗೆ ತಂದರು, ಕಾರ್ಯಗಳು ಮುಗಿದವು. ನಾನು ಕೆಲಸಕ್ಕೆ ಮರಳಿದೆ. ಅತ್ತೆಗೆ ಎಂಬತ್ತು ಹತ್ತಿರ. ಅವರು ಅಳಲಿಲ್ಲ, ಮಗ ಸತ್ತ ಎಂದು ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. "ಅಂವಗ ಪಡವಲಕಾಯಿ ಸೇರೂದಿಲ್ಲ, ತರಬ್ಯಾಡ" ಎನ್ನುವರು. ನಾನು ತರುತ್ತಿರಲಿಲ್ಲ. ಉಳಿದ ಹೊತ್ತು ಕಿಟಕಿಯ ಪಕ್ಕದ ಕುರ್ಚಿ. ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟರು.

ಏಪ್ರಿಲಿನಲ್ಲಿ ಚಹಾದಂಗಡಿಯಾಕೆ ಫೋನು ಮಾಡಿದಳು. ನಾವಿಬ್ಬರೂ ಅದಕ್ಕೆ ಮೊದಲು ಎರಡು ಸಲ ಮಾತಾಡಿದ್ದೆವು, ಮಾತಾಡಿದ್ದೆವು ಅನ್ನುವುದಕ್ಕಿಂತ ಫೋನು ಹಿಡಿದುಕೊಂಡು ಕೂತಿದ್ದೆವು. ಈ ಸಲ ಆಕೆಗೆ ಹೇಳುವ ವಿಷಯವಿತ್ತು. ಗಸ್ತಿನವರಲ್ಲಿ ಒಬ್ಬರು ಹೋದರೆ ಕೊನೆಯ ಕರೆ ಎಂದು ಮಾಡುತ್ತಾರಂತೆ. ಒಬ್ಬೊಬ್ಬರಿಗೂ ವಾಕಿಟಾಕಿಯಂಥ ರೇಡಿಯೋದಲ್ಲಿ ಒಂದು ನಂಬರಿರುತ್ತದೆ, ಇವರದು ಹದಿನೇಳು. ಎಲ್ಲರೂ ಬೆಟ್ಟದಲ್ಲಿ ಸಾಲಾಗಿ ನಿಲ್ಲುತ್ತಾರೆ, ಬೇಸ್ ಎಂದರೆ ಅವರ ಠಾಣೆಯ ಪರವಾಗಿ ಒಬ್ಬರು ಆ ನಂಬರನ್ನು ಮೂರು ಸಲ ಕರೆಯುತ್ತಾರೆ. ಉತ್ತರ ಬರುವುದಿಲ್ಲ. ಒಂದು ನಿಮಿಷ ಮೌನ. ಆಮೇಲೆ, ಇವರು ಬೆಟ್ಟ ಇಳಿದಿದ್ದಾರೆ ಎಂದು ಹೇಳಿ ಮುಗಿಸುತ್ತಾರೆ. ಆಕೆಯ ಮಗಳಿಗೆ ಮಾರ್ಚಿನಲ್ಲಿ ಹಾಗೆ ಮಾಡಿದ್ದರು. ಅತ್ತೆ ಅಷ್ಟು ದೂರ ಬರಲಾರರು ಎಂದು ಗೊತ್ತಿದ್ದುದರಿಂದ ಇವರ ಕರೆಯನ್ನು ಇವರು ಕಲಿತ ದಿಬ್ಬದಲ್ಲೇ, ಲಂಡನ್ನಿನಲ್ಲೇ ಮಾಡಲು ಎಲ್ಲರೂ ಹೊರಟು ಬರುವವರಿದ್ದರು.

"ಇನ್ನೊಂದು ವಿಷಯ" ಎಂದಳು ಆಕೆ. "ನಮ್ಮ ತಂಡದ ಮುಖ್ಯಸ್ಥನದು."

ಆ ದಿನ ಇಬ್ಬರನ್ನೂ ಮೇಲೆ ಕಳಿಸಿದ್ದು ಆತನೇ. ವಿಚಾರಿಸಿದವರು ಯಾರ ತಪ್ಪೂ ಅಲ್ಲ ಎಂದಿದ್ದರು. ಆದರೆ ಆತ ಅಂದಿನಿಂದ ಬೆಟ್ಟಕ್ಕೆ ಯಾರನ್ನೂ ಕಳಿಸಿಲ್ಲ, ತಾನೂ ಹತ್ತಿಲ್ಲ. ಲಂಡನ್ನಿಗೆ ಬಂದು ಕೊನೆಯ ಕರೆ ಕೂಗಿ ರೇಡಿಯೋ ಅಲ್ಲೇ ಒಪ್ಪಿಸಿ ಕೆಲಸ ಬಿಡುತ್ತೇನೆ, ಅವರ ಮನೆಯ ಹೊಸ್ತಿಲು ತುಳಿಯುವುದಿಲ್ಲ, ಆ ತಾಯಿಯ ಮುಖ ನೋಡಲಾರೆ ಎಂದಿದ್ದ.

"ಆ ಬೆಟ್ಟವನ್ನು ಅವನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಅವನು ಬಿಟ್ಟರೆ ಉಳಿದವರೂ ಬಿಡುತ್ತಾರೆ. ಮುಂದಿನ ಚಳಿಗಾಲ ಬೆಟ್ಟ ತೆರೆಯುವುದಿಲ್ಲ, ಬೆಟ್ಟ ತೆರೆಯದಿದ್ದರೆ ಹಳ್ಳಿಯೂ ಇಲ್ಲ" ಎಂದಳು. "ಮಗಳನ್ನು ಕಳಕೊಂಡವಳು ನಾನು. ಬಿಡಬೇಡ ಅಂತ ನಾನೇ ಹೇಳಿದೆ. ನನ್ನ ಮಾತು ಅವನ ಕಿವಿಗೆ ಹೋಗುತ್ತಿಲ್ಲ. ನೀವು ಯಾರಾದರೂ ಹೇಳಿದರೆ..."

ನೋಡೋಣ ಎಂದೆ. ಆತನ ಮೇಲೆ ನನಗೆ ಸಿಟ್ಟಿರಲಿಲ್ಲವೇ? ಇತ್ತು. ಮುಖ ನೋಡದವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಈ ಯಾವ ವಿಷಯವನ್ನೂ ಅತ್ತೆಗೆ ಹೇಳಲಿಲ್ಲ. ಬೆಟ್ಟದ ಮಂದಿ ಬರುತ್ತಾರಂತೆ ಎಂದಷ್ಟೇ ಹೇಳಿದೆ.

"ಎಷ್ಟ ಮಂದಿ?"

"ಹನ್ನೆರಡು ಅತ್ತೆ."

"ಗಂಡಸೂರೋ ಹೆಂಗಸೂರೋ?"

"ಇಬ್ಬರೂ. ಗುಡ್ಡ ಹತ್ತೋರು."

"ಹಂಗಾರ ತಲಿಗೆ ನಾಕ ರೊಟ್ಟಿ ಹಿಡಿ" ಎಂದು ಕುರ್ಚಿಯಿಂದ ಎದ್ದರು. ಎದ್ದವರು ನೇರವಾಗಿ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿ ತೆರೆದು, "ಇಷ್ಟ ಹಿಟ್ಟಿನಾಗ ಏನ ಮಾಡ್ಲಿ, ಅಂಟಿಸಿಕೊಂಡು ಕೂಡ್ಲೇನು?" ಎಂದು ನನಗೆ ಬೈದರು. ಎರಡೂವರೆ ತಿಂಗಳಾದ ಮೇಲೆ ಬೈಸಿಕೊಂಡು ನನಗೆ ಎಷ್ಟು ಸಂತೋಷವಾಯಿತೆಂದರೆ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ನಮ್ಮ ಬಡಾವಣೆ ಕ್ವೀನ್ಸ್‌ಬರಿಯ ಅಂಗಡಿಗಳಲ್ಲಿ ಸಿಕ್ಕ ಜೋಳದ ಹಿಟ್ಟು ಅವರಿಗೆ ಹಿಡಿಸಲಿಲ್ಲ. ಬಸ್ಸು ಹಿಡಿದು ಸೌತ್‌ಹಾಲ್‌ಗೆ ಹೋದೆವು. ಅಲ್ಲಿ ಮೂರು ಅಂಗಡಿಯಲ್ಲಿ ಚಿಟಿಕೆ ಹಿಟ್ಟು ನಾಲಿಗೆಗೆ ಹಚ್ಚಿ ನೋಡಿ "ಹಳೇದು" ಎಂದು ಮುಂದೆ ನಡೆದರು. ನಾಲ್ಕನೆಯ ಅಂಗಡಿಯವನು ಪಂಜಾಬಿಯಲ್ಲಿ ಏನೋ ಗೊಣಗಿದ. ಅತ್ತೆ ಕನ್ನಡದಲ್ಲಿ, "ನೀ ಏನರ ಅನ್ನು, ಒಳಗಿನ ಚೀಲ ತಗಿ" ಎಂದರು. ಅವನು ಹೋಗಿ ಒಳಗಿನಿಂದ ಹೊಸ ಚೀಲವನ್ನೇ ತಂದ. ಎಳೆ ಬದನೆಕಾಯಿಗಳನ್ನು ಒಂದೊಂದಾಗಿ ಒತ್ತಿ ನೋಡಿ ಆರಿಸುತ್ತಿದ್ದಾಗ, ಪಕ್ಕದಲ್ಲಿದ್ದ ಹೆಂಗಸು ಮದುವೆಯೇ ಎಂದು ಕೇಳಿದಳು. ನಾನು ಉತ್ತರ ಹುಡುಕುವುದರೊಳಗೆ ಅತ್ತೆ "ಹೌದು ಹೌದು" ಎಂದು ತಲೆಯಾಡಿಸಿ ಚೀಲ ಎತ್ತಿದರು. ಆಕೆ ಕೇಳಿದ್ದು ಅವರಿಗೆ ತಿಳಿದೇ ಇರಲಿಲ್ಲ.

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಮಿನಿಬಸ್ಸು ನಮ್ಮ ಬೀದಿಗೆ ಬಂತು. ಹಿಂದಿನ ದಿನವೇ ಹೊರಟು ನಡುವೆ ಎಲ್ಲೋ ತಂಗಿದ್ದರು. ಇಳಿದವರೆಲ್ಲ ಗಸ್ತಿನ ಕೆಂಪು ಜಾಕೆಟ್ಟು ಹಾಕಿಕೊಂಡಿದ್ದರು, ಇವರ ಗೌರವಕ್ಕೆಂದು, ಆ ಬಿಸಿಲಿನಲ್ಲಿ. ಚಹಾದಂಗಡಿಯಾಕೆ ಮುಂದೆ ಬಂದಳು. ಫೋನಿನ ದನಿ ಕೇಳಿ ಸಣ್ಣ ಹೆಂಗಸು ಎಂದುಕೊಂಡಿದ್ದೆ. ಎತ್ತರದ ಆಳು, ಅಗಲ ಕೈ. ಒಳಗೆ ಬಂದು ಅತ್ತೆಯ ಎದುರು ನಿಂತಳು. ಅತ್ತೆ ಮಣೆಯ ಮೇಲೆ ರೊಟ್ಟಿ ತಟ್ಟುತ್ತಿದ್ದರು.

"ಅತ್ತೆ, ಇವರ ಮಗಳೇ..." ಎಂದೆ.

ಅತ್ತೆ ಕೈ ನಿಲ್ಲಿಸಿ ಆಕೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿ ಒಂದು ಹಿಟ್ಟಿನ ಉಂಡೆಯನ್ನು ಆಕೆಯ ಮುಂದೆ ಇಟ್ಟರು. ಆಕೆ ಕೈ ತೊಳೆದು ಬಂದು ನಿಂತು, ಅತ್ತೆಯ ಕೈ ನೋಡಿ ನೋಡಿ ತಟ್ಟತೊಡಗಿದಳು. ಮೊದಲನೆಯದು ಹರಿಯಿತು. ಎರಡನೆಯದು ಆಸ್ಟ್ರೇಲಿಯಾ ನಕ್ಷೆಯ ಹಾಗಿತ್ತು. ಮೂರನೆಯದು ದುಂಡಗೆ ಬಂತು.

"ಅಗಾ! ಕೈ ಐತಿ ಈಕೀಗೆ" ಎಂದರು ಅತ್ತೆ. "ನನ್ನ ಸೊಸಿ ಮೈಸೂರಾಕಿ. ಇಪ್ಪತ್ತೈದು ವರ್ಷ ಆತು, ಇನ್ನೂ ಬರಲಿಲ್ಲ. ಅನ್ನದ ಮಂದಿ."

"ಏನಂದರು?" ಎಂದು ಆಕೆ ಕೇಳಿದಳು.

"ನೀವು ಚೆನ್ನಾಗಿ ತಟ್ಟುತ್ತೀರಂತೆ. ನನ್ನನ್ನು ಬೈದರು."

ಆಕೆ ನಕ್ಕಳು. ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು ತಟ್ಟುವ ಸದ್ದು ಮನೆಯೆಲ್ಲ ತುಂಬಿತು. ಮೂವತ್ತು ರೊಟ್ಟಿಯಾಗುವವರೆಗೆ ಒಬ್ಬರಿಗೊಬ್ಬರು ಏನೂ ಹೇಳಲಿಲ್ಲ, ನಡುವೆ ನಾನು ಭಾಷೆ ತಿರುಗಿಸುವ ಅಗತ್ಯವೂ ಬೀಳಲಿಲ್ಲ.

ಒಬ್ಬ ಮಾತ್ರ ಮಿನಿಬಸ್ಸಿನಿಂದ ಇಳಿದಿರಲಿಲ್ಲ. ಅರವತ್ತರ ಆಸುಪಾಸು, ಬಿಳಿ ಗಡ್ಡ, ಸ್ಟಿಯರಿಂಗಿನ ಮೇಲೆ ಎರಡೂ ಕೈ. ಗಾಡಿ ನೋಡಿಕೊಳ್ಳುತ್ತೇನೆ, ಇಲ್ಲಿ ಪಾರ್ಕಿಂಗ್ ಕಷ್ಟ ಎಂದನಂತೆ. ನಾನು ಚಹಾ ಒಯ್ದು ಕೊಟ್ಟೆ. ಆತ ಥ್ಯಾಂಕ್ಸ್ ಎಂದು ಕಪ್ಪಿಗೇ ಹೇಳಿದ. ಆ ಮುಖ ನೋಡಿದ ಮೇಲೆ ನನ್ನ ಸಿಟ್ಟಿಗೆ ಸ್ವಲ್ಪ ತೊಂದರೆಯಾಯಿತು.

ಕಿಟಕಿಯಿಂದ ನೋಡುತ್ತಿದ್ದ ಅತ್ತೆ, "ಆ ಡ್ರೈವರಪ್ಪಗ ಬರೇ ಚಾ ಕೊಟ್ಟೇನು? ಒಳಗ ಕರಿ ಅಂವನ್ನ" ಎಂದರು.

"ಬರಲ್ಲವಂತೆ ಅತ್ತೆ."

"ಯಾಕ, ನಾವೇನ ತಿಂತೀವಿ ಅವನ್ನ?"

ಆತ ಡ್ರೈವರ್ ಅಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹನ್ನೊಂದು ಗಂಟೆಗೆ ದಿಬ್ಬದ ಬುಡದಲ್ಲಿ ನಮ್ಮ ಕನ್ನಡದವರೂ ಸೇರಿದ್ದರು, ನಲವತ್ತು ಜನವಿರಬಹುದು. ಸೀರೆಯ ಕೆಳಗೆ ಓಡುವ ಶೂ ಹಾಕಿದ ಹೆಂಗಸರು, ಇವರ ಆಸ್ಪತ್ರೆಯ ಧಾರವಾಡದ ಡಾಕ್ಟರು ಮತ್ತು ಅವರ ಹೆಂಡತಿ, ಬೆಂಗಳೂರಿನ ಐಟಿ ಸಂಸಾರಗಳು. ಚಾಪೆಯ ಮೇಲೆ ಪಿಚಕಾರಿಗಳು ನೀರು ಚಿಮ್ಮುತ್ತಿದ್ದವು, ಮಕ್ಕಳು ಅದರಲ್ಲಿ ನೆನೆಯಲು ಓಡಾಡುತ್ತಿದ್ದರು.

"ಡ್ಯಾಡಿ, ಈಸ್ ದಿಸ್ ದ ಮೌಂಟನ್?" ಎಂದು ಒಂದು ಮಗು ಕೇಳಿತು.

"ಅಲ್ಲ ಪುಟ್ಟ, ಇದು ಮೌಂಟನ್‌ದು ಎಲ್‌ಕೆಜಿ" ಎಂದ ಅವರಪ್ಪ. ಆಮೇಲೆ ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡು, "ಸಾರಿ ಆಂಟಿ" ಎಂದ. ನನ್ನ ಗಂಡ ಇದ್ದಿದ್ದರೆ ಆ ಮಾತನ್ನು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. "ಸಾರಿ ಬೇಡ, ಸರಿಯಾಗೇ ಹೇಳಿದೆ" ಎಂದೆ.

ಗಸ್ತಿನವರು ಇಳಿಜಾರಿನುದ್ದಕ್ಕೂ ಬುಡದಿಂದ ತುದಿಯವರೆಗೆ ಸಾಲಾಗಿ ನಿಂತರು. ಒಬ್ಬೊಬ್ಬರ ಎದೆಯ ಮೇಲೂ ಒಂದು ರೇಡಿಯೋ. ಮುಖ್ಯಸ್ಥ ತುದಿಯಲ್ಲಿ ಒಬ್ಬನೇ ನಿಂತ. ಬುಡದಲ್ಲಿ ಮಡಚುವ ಕುರ್ಚಿಯಲ್ಲಿ ಅತ್ತೆಯನ್ನು ಕೂಡಿಸಿ, ಇವರ ರೇಡಿಯೋವನ್ನು ಅವರ ಕೈಗೆ ಕೊಟ್ಟರು. ಹಾಗೆ ಕೊಡುವುದು ಕ್ರಮವಂತೆ. ನಾನು ಅತ್ತೆಯ ಕಿವಿಯಲ್ಲಿ, "ಮೂರು ಸಲ ಕರೀತಾರೆ. ನಾವು ಯಾರೂ ಮಾತಾಡಬಾರದು" ಎಂದೆ. "ಹ್ಞೂಂ" ಎಂದರು.

ಪಿಚಕಾರಿ ನಿಲ್ಲಿಸಿದರು. ಮೋಟಾರ್‌ವೇ ಸದ್ದು ಮಾತ್ರ ಉಳಿಯಿತು.

"ಸೆವೆಂಟೀನ್, ಸೆವೆಂಟೀನ್. ಬೇಸ್ ಕರೆಯುತ್ತಿದೆ."

ಹನ್ನೊಂದು ರೇಡಿಯೋಗಳಿಂದ, ಅತ್ತೆಯ ಕೈಯಿಂದಲೂ, ಆತನ ದನಿ ಒಟ್ಟಿಗೇ ಬಂತು. ಮೌನ. ಚಹಾದಂಗಡಿಯಾಕೆ ನನ್ನ ಕೈ ಹಿಡಿದಳು.

"ಸೆವೆಂಟೀನ್, ಸೆವೆಂಟೀನ್. ಬೇಸ್ ಕರೆಯುತ್ತಿದೆ."

ಎರಡನೆಯದಕ್ಕೆ ಆತನ ದನಿ ಒಡೆಯಿತು. ಮೂರನೆಯ ಸಲ "ಸೆವೆಂಟೀನ್" ಎಂದವನಿಗೆ ಮುಂದಿನದು ಹೇಳಲಾಗಲಿಲ್ಲ. ರೇಡಿಯೋಗಳಲ್ಲಿ ಬರೇ ಖರಖರ. ಮತ್ತೊಮ್ಮೆ "ಸೆವೆಂಟೀನ್" ಎಂದ. ಮತ್ತೆ ಖರಖರ.

ಒಂದು ಮಾತು ಇಲ್ಲಿ ಹೇಳಬೇಕು. ಅತ್ತೆಗೆ ಆ ರೇಡಿಯೋ ಹೊಸದಲ್ಲ. ಬೇಸಿಗೆಯಲ್ಲಿ ಇವರು ಮನೆಯಲ್ಲಿರುವಾಗ ಹಳೆಯದೊಂದು ಜೋಡಿ ತಂದು, ಒಂದನ್ನು ಅಡುಗೆಮನೆಯಲ್ಲಿ ಇಟ್ಟು ಇನ್ನೊಂದನ್ನು ಮೇಲಿನ ಕೋಣೆಗೆ ಒಯ್ದಿದ್ದರು. ಅತ್ತೆ ಮೆಟ್ಟಿಲು ಹತ್ತಲಾರದೆ ಗುಂಡಿ ಒತ್ತಿ, "ಸೆವೆಂಟೀನಾ, ಊಟಕ್ಕ ಬಾ" ಎನ್ನುತ್ತಿದ್ದರು. ಇನ್ನೂ ಒಂದು ವಿಷಯ. ಬಾಗಿಲಲ್ಲಿ ನಿಂತು ಯಾರೋ ಮಗನನ್ನು ಕರೆದಾಗ ತಾಯಿ ಸುಮ್ಮನೆ ಕೂರುವುದು ನಮ್ಮಲ್ಲಿಲ್ಲ. ಮಗನಿದ್ದರೆ ಬಂದ ಎನ್ನಬೇಕು, ಇಲ್ಲದಿದ್ದರೆ ಇಲ್ಲ ಎನ್ನಬೇಕು, ಎರಡರಲ್ಲಿ ಯಾವುದೇ ಆದರೂ ಕರೆದವನನ್ನು ಒಳಗೆ ಬಾ ಎನ್ನಬೇಕು. ಎಂಬತ್ತು ವರ್ಷ ಹಾಗೆ ಬದುಕಿದವರಿಗೆ ಮೌನದ ಕ್ರಮವನ್ನು ನಾನು ಕಿವಿಯಲ್ಲಿ ಒಂದು ಸಲ ಹೇಳಿದರೆ ಸಾಕೇ?

ಅತ್ತೆ ಗುಂಡಿ ಒತ್ತಿದರು.

"ಅಂವಾ ಇಲ್ಲಪಾ. ತೀರಿಕೊಂಡ. ನೀ ಯಾಕ ಬಿಸಲಾಗ ನಿಂತು ಒದರಾಕತ್ತಿ? ಇಳದು ಬಾ, ರೊಟ್ಟಿ ಆಗ್ಯಾವ."

ದಿಬ್ಬದ ಮೇಲಿನ ಅಷ್ಟೂ ಎದೆಗಳಿಂದ ಧಾರವಾಡದ ಕನ್ನಡ ಮೊಳಗಿತು. ಗಸ್ತಿನವರು ಒಬ್ಬರ ಮುಖ ಒಬ್ಬರು ನೋಡಿದರು. ಅವರ ಜೀವಮಾನದಲ್ಲಿ ಕೊನೆಯ ಕರೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಗಸ್ತಿನವರಿಗೆ ಒಂದು ಕಟ್ಟುನಿಟ್ಟು. ರೇಡಿಯೋದಲ್ಲಿ ಮಾತು ಬಂದರೆ ಉತ್ತರಿಸದೆ ಬಿಡುವಂತಿಲ್ಲ. ತಿಳಿಯದಿದ್ದರೆ ಮತ್ತೊಮ್ಮೆ ಕೇಳಬೇಕು, ತಿಳಿದರೆ ಕೇಳಿದ್ದನ್ನು ಹಾಗೇ ತಿರುಗಿ ಹೇಳಬೇಕು. ಆತ ನಲವತ್ತು ವರ್ಷ ಅದನ್ನೇ ಮಾಡಿದವನು.

"ಬೇಸ್. ಮಾತು ತಿಳಿಯಲಿಲ್ಲ. ಮತ್ತೊಮ್ಮೆ ಹೇಳಿ" ಎಂದ.

"ಏನಂತಾನವಾ?" ಎಂದರು ಅತ್ತೆ ನನಗೆ.

"ಇನ್ನೊಂದ್ಸಲ ಹೇಳಬೇಕಂತೆ."

ಅತ್ತೆಗೆ ಹುರುಪು ಬಂತು. ಇನ್ನೊಂದು ಸಲ ಎಲ್ಲವನ್ನೂ ಹೇಳಿ, "ಎಣ್ಣಿಗಾಯಿನೂ ಐತಿ. ಮುಂಜಾನಿಂದ ಬರೇ ಚಾದ ಮ್ಯಾಲ ಅದೀ, ನಾ ನೋಡೇನಿ" ಎಂದು ಸೇರಿಸಿದರು. ಡಾಕ್ಟರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ರೇಡಿಯೋ ಇಸಿದುಕೊಂಡು ನನಗೆ ಬಂದ ಇಂಗ್ಲಿಷಿನಲ್ಲಿ ಒಂದೊಂದೇ ಹೇಳಿದೆ. ಅವರು ಇಲ್ಲ, ತೀರಿಕೊಂಡರು. ನೀವು ಯಾಕೆ ಬಿಸಿಲಲ್ಲಿ ನಿಂತು ಕೂಗುತ್ತಿದ್ದೀರಿ ಎಂದು ಕೇಳುತ್ತಿದ್ದಾರೆ. ಇಳಿದು ಬರಬೇಕಂತೆ. ರೊಟ್ಟಿ ಆಗಿದೆ. ಬದನೆಕಾಯಿ ಪಲ್ಯವೂ ಇದೆ. ಬೆಳಿಗ್ಗೆಯಿಂದ ನೀವು ಚಹಾ ಬಿಟ್ಟು ಏನೂ ತಿಂದಿಲ್ಲ ಎಂದು ಅವರಿಗೆ ಗೊತ್ತಿದೆ.

ಬಹಳ ಹೊತ್ತು ಖರಖರ. ಆಮೇಲೆ ಆತ ಕ್ರಮ ತಪ್ಪದೆ ಎಲ್ಲವನ್ನೂ ತಿರುಗಿ ಹೇಳಿದ.

"ಬೇಸ್. ಕೇಳಿಸಿತು. ಸೆವೆಂಟೀನ್ ಇಲ್ಲ. ತೀರಿಕೊಂಡಿದ್ದಾರೆ. ನಾನು ಬಿಸಿಲಲ್ಲಿ ಕೂಗುತ್ತಿದ್ದೇನೆ. ರೊಟ್ಟಿ ಆಗಿದೆ. ಬದನೆಕಾಯಿ ಇದೆ." ಸ್ವಲ್ಪ ತಡೆದ. "ನಾನು ಇಳಿದು ಬರುತ್ತಿದ್ದೇನೆ."

ಮೊದಲು ನಕ್ಕಿದ್ದು ಚಹಾದಂಗಡಿಯಾಕೆ. ಅತ್ತೆಯ ಕುರ್ಚಿಯ ಬೆನ್ನು ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕಳು. ಆಮೇಲೆ ದಿಬ್ಬವೆಲ್ಲ ನಕ್ಕಿತು. ಕೆಂಪು ಜಾಕೆಟ್ಟಿನವರು ನಗುತ್ತ, ಕಣ್ಣೊರೆಸಿಕೊಳ್ಳುತ್ತ ಆ ಬ್ರಷ್ಷಿನ ಚಾಪೆಯ ಮೇಲೆ ಕೂತೇಬಿಟ್ಟರು. ಯಾರೋ ಸಂತೋಷಕ್ಕೆ ಪಿಚಕಾರಿ ತಿರುಗಿಸಿದರು. ಮಕ್ಕಳು ಕಿರುಚಿಕೊಂಡು ನೀರಿಗೆ ನುಗ್ಗಿದವು. "ನಾ ಏನ ತಪ್ಪ ಹೇಳಿದೆ?" ಎಂದು ಅತ್ತೆ ಕೇಳುತ್ತಲೇ ಇದ್ದರು. "ಏನೂ ಇಲ್ಲ ಅತ್ತೆ" ಎಂದೆ. ತೀರಿಕೊಂಡ ಎಂದು ಅವರು ಮೊದಲ ಸಲ ಅಂದಿದ್ದರು, ಅದೂ ಅಷ್ಟು ಗಟ್ಟಿಯಾಗಿ.

ಇಳಿದು ಬರುತ್ತೇನೆ ಎಂದು ರೇಡಿಯೋದಲ್ಲಿ ಹೇಳಿದ ಮೇಲೆ ಆತ ಬಾರದೆ ಇರುವಂತಿರಲಿಲ್ಲ. ನಮ್ಮ ಮನೆಯ ಹಿತ್ತಲಲ್ಲಿ ಚಾದರ ಹಾಸಿ ಎಲ್ಲರೂ ಊಟಕ್ಕೆ ಕೂತೆವು. ಆತ ಬಾಗಿಲ ಮೆಟ್ಟಿಲ ಮೇಲೆ, ತಟ್ಟೆ ಮೊಣಕಾಲಿನ ಮೇಲೆ. ಎರಡು ರೊಟ್ಟಿ ತಿಂದು ತಟ್ಟೆ ಕೆಳಗಿಟ್ಟು ನನ್ನನ್ನು ಕರೆದ. ಅತ್ತೆ ಬಡಿಸುತ್ತ ಅಲ್ಲೇ ನಿಂತಿದ್ದರು.

"ನಾನು ಡ್ರೈವರ್ ಅಲ್ಲ ಎಂದು ಅವರಿಗೆ ಹೇಳಿ. ಅವತ್ತು ಇಬ್ಬರನ್ನೂ ಮೇಲೆ ಕಳಿಸಿದವನು ನಾನು."

ಹೇಳಿದೆ. ಅತ್ತೆಯ ಕೈಯ ಸೌಟು ನಿಂತಿತು.

"ಅವತ್ತ ಮುಂಜಾನೆ ಅಂವಾ ಏನರ ತಿಂದು ಹೋಗಿದ್ನೇನು, ಕೇಳು" ಎಂದರು ಅತ್ತೆ.

ಆತನಿಗೆ ಈ ಪ್ರಶ್ನೆಯ ನಿರೀಕ್ಷೆ ಇರಲಿಲ್ಲ. ಯೋಚಿಸಿ ಹೇಳಿದ. ತಿಂದಿದ್ದರು. ಎರಡು ಬಟ್ಟಲು ಓಟ್ಸ್ ಗಂಜಿ, ಅದರ ಮೇಲೆ ಆ ಕೆಂಪು ಪುಡಿ. ನನ್ನ ಬಟ್ಟಲಿಗೂ ಉದುರಿಸಿದರು. ಗಂಜಿಗೆ ಹೀಗೆ ಮಾಡುವುದು ಅಪರಾಧ ಎಂದೆ. ಗಂಜಿಯೇ ಅಪರಾಧ, ನಾನು ಜಾಮೀನು ಕೊಡಿಸುತ್ತಿದ್ದೇನೆ ಎಂದರು. ಆ ಹುಡುಗಿ ನಕ್ಕು ನಕ್ಕು ಚಹಾ ಚೆಲ್ಲಿದಳು. ನಗುತ್ತಲೇ ಇಬ್ಬರೂ ಹೊರಟರು.

ನಾನು ಕನ್ನಡಕ್ಕೆ ತಂದು ಮುಗಿಸುವ ಮೊದಲೇ ಅತ್ತೆ ನಗುತ್ತಿದ್ದರು, ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಹಂಗ ಅಂತಿದ್ದ. ಹಂಗ ಅಂತಿದ್ದ ನನ್ನ ಮಗಾ" ಎಂದರು. "ಹೊಟ್ಟಿ ತುಂಬಿತ್ತು ಹಂಗಾರ." ಆತನ ತಟ್ಟೆಗೆ ಎರಡು ಬದನೆಕಾಯಿ ಹಾಕಿ ಚಹಾದಂಗಡಿಯಾಕೆಯ ಪಕ್ಕ ಹೋಗಿ ಕೂತರು.

ಆತ ಜಾಕೆಟ್ಟಿನಿಂದ ತನ್ನ ರೇಡಿಯೋ ಬಿಚ್ಚಿ ಮೆಟ್ಟಿಲ ಮೇಲಿಟ್ಟ. "ಇದನ್ನು ಇಲ್ಲೇ ಬಿಟ್ಟು ಹೋಗುತ್ತೇನೆ. ನಾನು ಇನ್ನು ಬೆಟ್ಟಕ್ಕೆ ಹೋಗುವುದಿಲ್ಲ. ಅವರಿಗೆ ಹೇಳಿ."

"ಏನಂತಾನ?" ಎಂದು ಅತ್ತೆ ಅಲ್ಲಿಂದಲೇ ಕೇಳಿದರು.

ನಾನು ಅದನ್ನು ಕನ್ನಡಕ್ಕೆ ತರಲಿಲ್ಲ. "ಕೆಲಸದ ಮಾತು ಅತ್ತೆ" ಎಂದೆ. ನಾನು ಹೆಚ್ಚು ಮಾತಾಡುವವಳಲ್ಲ, ನನ್ನ ಇಂಗ್ಲಿಷು ಕಾರ್ಖಾನೆಯಲ್ಲಿ ಕಲಿತದ್ದು. ಅದರಲ್ಲೇ ಹೇಳಿದೆ. ಬಿದ್ದವ ಯಾಕೆ ಹತ್ತಿದ ಎಂದು ನನ್ನ ಗಂಡ ಎಂದೂ ಕೇಳಿದವರಲ್ಲ, ಮೂಳೆ ಕೂಡಿಸಿ ಕಳಿಸುತ್ತಿದ್ದರು. ಬರುವ ಚಳಿಗಾಲವೂ ಜನ ಹತ್ತುತ್ತಾರೆ, ಬೀಳುತ್ತಾರೆ. ಅವರನ್ನು ಯಾರು ತರುತ್ತಾರೆ? ನನಗೆ ನಿಮ್ಮ ಮೇಲೆ ಸಿಟ್ಟಿತ್ತು, ಇನ್ನೂ ಸ್ವಲ್ಪ ಇದೆ. ಇಟ್ಟುಕೊಂಡೇ ಹೇಳುತ್ತಿದ್ದೇನೆ, ನೀವು ಹೋಗಬೇಕು.

ಆತ ನನ್ನ ಮುಖ ನೋಡಿದ. ಕೆಳಗಿಟ್ಟಿದ್ದ ತಟ್ಟೆ ಎತ್ತಿಕೊಂಡು, "ಇನ್ನೊಂದು ರೊಟ್ಟಿ ಸಿಗಬಹುದೇ?" ಎಂದ.

ನಾಲ್ಕು ಗಂಟೆಗೆ ಹೊರಟರು. ಅತ್ತೆ ಚಟ್ನಿಪುಡಿಯನ್ನು ಐಸ್‌ಕ್ರೀಮ್ ಡಬ್ಬಿಗಳಲ್ಲಿ ತುಂಬಿ ಕೊಟ್ಟರು. ಬಸ್ಸು ತಿರುವು ದಾಟಿದ ಮೇಲೆ ನಾನು ಹಿತ್ತಲಿಗೆ ಓಡಿಹೋಗಿ ನೋಡಿದೆ. ಮೆಟ್ಟಿಲ ಮೇಲೆ ಖಾಲಿ ತಟ್ಟೆ ಮಾತ್ರ ಇತ್ತು.

ಡಿಸೆಂಬರಿನಲ್ಲಿ ಬೆಟ್ಟ ತೆರೆಯಿತು. ಸಂಜೆ ಜನರೆಲ್ಲ ಹೋದ ಮೇಲೆ ಗಸ್ತಿನವರು ಎಲ್ಲರಿಗಿಂತ ಕೊನೆಯಲ್ಲಿ, ಬಂಡೆ ಬಂಡೆಯ ಹಿಂದೆ ಕೂಗಿ ನೋಡುತ್ತ ಇಳಿಯುತ್ತಾರೆ. ಇಳಿದ ಮೇಲೆ ಆತ ನನಗೆ ಎರಡು ಪದದ ಮೆಸೇಜು ಹಾಕುತ್ತಾನೆ. ಎಲ್ಲರೂ ಇಳಿದರು ಎಂದು. ಆ ಹೊತ್ತಿಗೆ ನಾನು ಪಾರ್ಕ್ ರಾಯಲ್‌ನಿಂದ ಬರುವ ಬಸ್ಸಿನಲ್ಲಿರುತ್ತೇನೆ. ಬಾಗಿಲು ತೆರೆಯುತ್ತಲೇ ಅತ್ತೆ ಕೇಳುವುದು ಅದನ್ನೇ. ಕೇಳಿಕೊಂಡು ಹೋಗಿ ಒಲೆಯ ಮೇಲೆ ಹಂಚು ಇಡುತ್ತಾರೆ.

ಮೊನ್ನೆ ಬಸ್ಸಿನಲ್ಲಿ ನಿದ್ದೆ ಹೋಗಿಬಿಟ್ಟೆ, ಫೋನು ನೋಡಿರಲಿಲ್ಲ. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಇಳಿದ್ರೇನು?"

"ನೋಡಿಲ್ಲ ಅತ್ತೆ, ಕಣ್ಣು ಹತ್ತಿಬಿಡ್ತು."

"ಅಲ್ಲಿ ಮಂದಿ ಗುಡ್ಡದ ಮ್ಯಾಲ ಅದಾರ, ಇಲ್ಲಿ ಈಕಿ ನಿದ್ದಿ ಹೊಡ್ಯಾಕತ್ಯಾಳ. ತಗಿ ಫೋನ."

ಚಳಿಗೆ ಮರಗಟ್ಟಿದ ಬೆರಳಿನಿಂದ ಫೋನು ತೆಗೆದೆ. ಮೆಸೇಜು ಬಂದು ಅರ್ಧ ಗಂಟೆಯಾಗಿತ್ತು.

"ಇಳಿದ್ರು ಅತ್ತೆ."

"ಎಲ್ಲಾರೂ?"

"ಎಲ್ಲರೂ."

"ಹಂಗಾರ ಕೈ ತೊಳಕೊಂಡು ಬಾ" ಎಂದು ಒಳಗೆ ಹೋದರು.